ಬೀಸುಕಲ್ಲಿನ ಗೂಟ

ದೆವ್ವ, ಪಿಶಾಚಿ ಅಂದರೆ ನನಗೆ ಮೊದಲಿನಿಂದಲೂ ನಗು. ಸವದತ್ತಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು ನಾನು. ಎಂಥ ಸದ್ದಿಗೂ ಒಂದು ಕಾರಣ ಇದ್ದೇ ಇರುತ್ತದೆ, ಬೇರಿಂಗ್ ಹೋಗಿರುತ್ತದೆ ಇಲ್ಲವೇ ನಟ್ಟು ಸಡಿಲಾಗಿರುತ್ತದೆ ಎಂದು ನಂಬಿ ಹೊಟ್ಟೆ ಹೊರೆದವನು. ನೀವು ಇದನ್ನು ನಂಬಲೇಬೇಕೆಂದು ನನ್ನ ಹಟವೇನಿಲ್ಲ. ಆದರೆ ಒಂದು ವಾಡೆಯ ಸದ್ದಿಗೆ ಮಾತ್ರ ಕಾರಣ ಇವತ್ತಿಗೂ ಸಿಕ್ಕಿಲ್ಲ, ಸಿಗುವ ತನಕ ನನಗೆ ಸಮಾಧಾನವೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ರಾಮದುರ್ಗದಲ್ಲಿರುವ ನನ್ನ ಅಕ್ಕನ ಮಗಳು ಸುನೀತಾಗೆ ಬೈಲಹೊಂಗಲದ ಕಡೆಯಿಂದ ಸಂಬಂಧ ಬಂತು. ಹುಡುಗ ಈರಣ್ಣ ಒಳ್ಳೆಯವನು, ಇಬ್ಬರೂ ಒಪ್ಪಿದ್ದರು. ತೊಡಕಿದ್ದದ್ದು ಮನೆಯದು. ಕಿತ್ತೂರಿನ ದಾರಿಯ ಹಳ್ಳಿಯೊಂದರಲ್ಲಿ ಅವರ ಹಳೇ ವಾಡೆ, ದಪ್ಪ ಗೋಡೆಯ ದೊಡ್ಡ ಮನೆ. ಕಿತ್ತೂರಿನ ಯುದ್ಧದ ಕಾಲದಲ್ಲಿ ಕೋಟೆಯ ಸಿಪಾಯಿಗಳಿಗೆಂದು ಅಲ್ಲಿ ಹಗಲೂ ರಾತ್ರಿ ಜೋಳ ಬೀಸುತ್ತಿದ್ದರಂತೆ. ಹಿಟ್ಟಿನ ಚೀಲ ಹೊತ್ತು ಕಿತ್ತೂರಿಗೆ ಹೋದ ಗಂಡ ತಿರುಗಿ ಬರಲಿಲ್ಲವೆಂದು ಆ ಮನೆಯ ಸೊಸೆಯೊಬ್ಬಳು ಬೀಸುತ್ತಲೇ ಜೀವ ಬಿಟ್ಟಳಂತೆ. ದೀಪ ಹಚ್ಚುವ ಹೊತ್ತಿಗೆ ಆ ಕಲ್ಲು ಈಗಲೂ ತಾನಾಗಿಯೇ ಬೀಸುತ್ತದೆ ಎಂದು ಊರವರು ಹೇಳುತ್ತಿದ್ದರು. ಇದು ಕಿವಿಗೆ ಬಿದ್ದದ್ದೇ ಅಕ್ಕ ಕಂಗಾಲಾದಳು. ಭಾವ ತೀರಿಕೊಂಡ ಮೇಲೆ ಅವಳಿಗೆ ನನ್ನ ಮಾತೇ ಕಡೆಯ ಮಾತು.

"ನೀ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹುಡುಗಿ ಕೊಡತೇನಿ, ಇಲ್ಲಂದ್ರ ಇಲ್ಲ" ಅಂದಳು.

ಈರಣ್ಣನ ತಾಯಿ ನೀಲವ್ವ ಏನನ್ನೂ ಮುಚ್ಚಿಡಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿದ್ದ ಬೀಸುಕಲ್ಲನ್ನು ತೋರಿಸಿ, "ಎಲ್ಲಾ ನೋಡ್ರಿ ಅಣ್ಣಾರ. ಬರೇ ಕಲ್ಲ ಮಾತ್ರ ತಿರವಬ್ಯಾಡ್ರಿ" ಅಂದರು. ಕಾಳು ಹಾಕದೆ ಕಲ್ಲು ತಿರುವಬಾರದು ಎಂದು ನಮ್ಮ ಮನೆಯ ಹೆಂಗಸರೂ ಅನ್ನುತ್ತಿದ್ದರು. ಆದರೆ ಯಂತ್ರವನ್ನು ತಿರುಗಿಸದೆ ಅದರ ರೋಗ ತಿಳಿಯುವುದು ಹೇಗೆ? ಅವರು ಚಹಾ ಮಾಡಲು ಹೋದಾಗ ಒಂದೆರಡು ಸುತ್ತು ತಿರುವಿಯೇಬಿಟ್ಟೆ. ಕಲ್ಲಿಗೆ ಕಲ್ಲು ತಿಕ್ಕಿದ ಒಣ ಸದ್ದು, ಅಷ್ಟೇ. ನೀಲವ್ವ ಓಡಿ ಬಂದರು. ಬೈಯಲಿಲ್ಲ, ಮುಖ ಮಾತ್ರ ಸಣ್ಣದಾಯಿತು. ನಾನು ಕಲ್ಲು ತಿರುವುವ ಗೂಟವನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ, ಕೋಣೆಗೆ ಕೀಲಿ ಹಾಕಿ ಪಡಸಾಲೆಗೆ ಬಂದು ಕುಳಿತೆ.

ಹೊತ್ತು ಮುಳುಗಿತು. ಊರಿಗೇ ಕರೆಂಟು ಹೋಗಿ ಹಿಟ್ಟಿನ ಗಿರಣಿಯೂ ನಿಂತಿತ್ತು. ನೀಲವ್ವ ದೀಪ ಹಚ್ಚಿ ಬಂದು ಕುಳಿತರು. ಜೋಳದ ಬೆಳೆಯ ವಿಷಯ ಮಾತಾಡುತ್ತಿದ್ದೆವು, ಅಷ್ಟರಲ್ಲಿ ಒಳಗೆ ಸದ್ದು ಶುರುವಾಯಿತು. ನಾನು ತಿರುವಿದಾಗಿನ ಒಣ ಸದ್ದಲ್ಲ. ಬಾಯಿ ತುಂಬ ಕಾಳು ಬಿದ್ದ ಕಲ್ಲಿನ ತುಂಬು ಸದ್ದು. ಕೀಲಿ ತೆಗೆದು ಒಳಗೆ ಹೋದೆ. ಕಲ್ಲು ನಿಂತಿತ್ತು. ಹಿಟ್ಟಿಲ್ಲ, ಕಾಳಿಲ್ಲ, ಇಲಿಯೂ ಇಲ್ಲ. ಮೇಲಿನ ಕಲ್ಲಿನ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು. ಗೂಟ ನನ್ನ ಇನ್ನೊಂದು ಕೈಯಲ್ಲೇ ಇತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ರಾಮದುರ್ಗಕ್ಕೆ ಹೋಗಿ ಅಕ್ಕನಿಗೂ ಸುನೀತಾಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಸುನೀತಾ ನಕ್ಕುಬಿಟ್ಟಳು.

"ಒಂದು ಕಲ್ಲಿಗೆ ಅಂಜಿ ಮದವಿ ಬಿಡಲೇನ ಮಾಮಾ? ಆ ಮನ್ಯಾಗ ಇಷ್ಟ ವರ್ಷ ಯಾರಿಗೇನಾಗೇತಿ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹೂಂ ಅಂದೆ.

ಮದುವೆಯಾದ ಮೇಲೆ ಆ ಸದ್ದು ನಿಂತುಹೋಯಿತು. ಸೊಸೆಯ ಕಾಲ್ಗುಣ ಎಂದು ಎಲ್ಲರೂ ಕೊಂಡಾಡಿದರು, ನಾನೂ ಮೀಸೆ ತಿರುವಿದೆ.

ಹೋದ ವರ್ಷ ಬೈಲಹೊಂಗಲಕ್ಕೆ ಕೆಲಸದ ಮೇಲೆ ಹೋದವನು ಸಂಜೆ ಅವರ ಮನೆಗೂ ಹೋದೆ. ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದ ಈರಣ್ಣ, "ಒಳಗ ನಡೀರಿ ಮಾಮಾ, ಬಂದ್ನಿ" ಅಂದ. ಒಳಗೆ ಕಾಲಿಟ್ಟರೆ ಅದೇ ತುಂಬು ಸದ್ದು. ಹೋಗಿ ನೋಡಿದರೆ ಬೀಸುತ್ತಿದ್ದವಳು ಸುನೀತಾ. ತವರಿನಲ್ಲಿ ಗಿರಣಿಯಿಂದ ಹಿಟ್ಟು ತರಲೂ ಮೂಗು ಮುರಿಯುತ್ತಿದ್ದ ಹುಡುಗಿ!

"ಇದೇನವಾ, ಗಿರಣಿ ಇಲ್ಲೇನ ಊರಾಗ? ಯಾರ ಹೇಳ್ಯಾರ ನಿನಗ ಬೀಸಾಕ?"

"ಯಾರೂ ಹೇಳಿಲ್ಲ ಮಾಮಾ. ಸಂಜಿ ಆತಂದ್ರ ಕೈ ಸುಮ್ಮನಿರೂದಿಲ್ಲ" ಅಂದಳು. ಕೈ ನಿಲ್ಲಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಇವರು ಕಿತ್ತೂರಿಗೆ ಹೋಗ್ಯಾರ. ಇನ್ನೂ ಬಂದಿಲ್ಲ."

"ಈರಣ್ಣ ಹಿತ್ತಲದಾಗ ಅದಾನಲ್ಲವಾ" ಅಂದೆ.

ಕಲ್ಲು ನಿಂತಿತು. ಸುನೀತಾ ನನ್ನನ್ನು ಆಗಷ್ಟೇ ಕಂಡವಳ ಹಾಗೆ ನೋಡಿ, "ಅಯ್ಯ, ಯಾವಾಗ ಬಂದ್ರಿ ಮಾಮಾ? ಕುಂದರ್ರಿ, ಚಾ ಇಡತೇನಿ" ಎಂದು ಸೆರಗಿನಿಂದ ಹಿಟ್ಟು ಝಾಡಿಸುತ್ತ ಎದ್ದಳು. ಚಹಾ ಚೆನ್ನಾಗಿತ್ತು. ಗಂಡ ಹೆಂಡತಿ ನಗುನಗುತ್ತಲೇ ಇದ್ದರು.

ಇದನ್ನು ಅಕ್ಕನಿಗೆ ಹೇಗೆ ಹೇಳಲಿ? ಏನೆಂದು ಹೇಳಲಿ? ದಿನಾ ಸಂಜೆ ಅಂಗಡಿಯಲ್ಲಿ ಮೋಟಾರುಗಳನ್ನೆಲ್ಲ ಬಂದ್ ಮಾಡಿದ ಮೇಲೂ ನನ್ನ ಕಿವಿ ಸುಮ್ಮನಿರುವುದಿಲ್ಲ. ಅಕ್ಕ ಫೋನು ಮಾಡಿದಾಗಲೆಲ್ಲ, "ಹುಡುಗಿ ಆರಾಮ ಅದಾಳಲ್ಲೋ?" ಎಂದು ಕೇಳುತ್ತಾಳೆ.

ಹೂಂ ಅನ್ನುತ್ತೇನೆ.