ಇಳಿಸದೆ ಬಿಟ್ಟ ಶ್ರುತಿ

ಹನ್ನೊಂದು ವರ್ಷ ನಾನು ಹಿಮ್ಮೇಳದಲ್ಲಿ ಹಾಡಿದೆ. ರಾಜಾಜಿನಗರದ ಸ್ಟುಡಿಯೋ ಒಂದರಲ್ಲಿ ಭಕ್ತಿಗೀತೆಗಳ ರೆಕಾರ್ಡಿಂಗ್ ಇದ್ದ ದಿನ ಬೇಗ ಪೂಜೆ, ಅಡುಗೆ ಮುಗಿಸಿ ವಿಜಯನಗರದಿಂದ ಹೊರಡುತ್ತಿದ್ದೆ. ಅಲ್ಲಿಗೆ ನನ್ನನ್ನು ಕೈಹಿಡಿದು ಕರೆದೊಯ್ದವರು ನಮ್ಮ ಭಜನಾ ಮಂಡಳಿಯ ಅಕ್ಕ. ಮುಂದಿನ ಮೈಕು ಅವರದು, ಹಿಂದಿನದು ನನ್ನದು. ಶಿವ ಅಷ್ಟು ಕೊಟ್ಟದ್ದೇ ಹೆಚ್ಚು ಅಂದುಕೊಂಡಿದ್ದೆ.

ಮುಖ್ಯ ಗಾಯಕಿ ಬರುವ ಮೊದಲೇ ಯಾರಾದರೂ ಹಾಡನ್ನು ಒಮ್ಮೆ ಹಾಡಿಡುವುದು ಅಲ್ಲಿನ ರೂಢಿ. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಅದನ್ನು ಕೇಳಿಕೊಂಡು ಕೊಳಲು, ಪಿಟೀಲಿನವರು ನುಡಿಸುತ್ತಾರೆ. ಆಮೇಲೆ ಗಾಯಕಿ ಬಂದು ಹಾಡಿದರೆ ಟ್ರ್ಯಾಕಿನ ದನಿಯನ್ನು ಅಳಿಸುತ್ತಾರೆ. ಅಕ್ಕನಿಗೆ ಯಾವಾಗಲೂ ನಾನೇ ಟ್ರ್ಯಾಕ್ ಹಾಡುತ್ತಿದ್ದೆ.

ಒಂದು ಸಲ ಟ್ರ್ಯಾಕ್ ಹಾಡುವ ಹಿಂದಿನ ದಿನ ಅಕ್ಕ ಫೋನ್ ಮಾಡಿದರು. "ಥೈರಾಯ್ಡ್ ಆಪರೇಷನ್ ಆದ್ಮೇಲೆ ಐದೂವರೆ ಶ್ರುತಿಗೆ ದನಿ ಏರ್ತಾನೇ ಇಲ್ಲ ಕಣೇ. ನಾಲ್ಕೂವರೆಗೆ ಇಳಿಸಿ ಅಂತ ನೀನೇ ಹೇಳ್ಬಿಡು. ನಂಗೆ ಹೇಳೋಕೆ ನಾಚ್ಕೆ."

"ಆಯ್ತಕ್ಕಾ, ಹೇಳ್ತೀನಿ" ಅಂದೆ.

ಮಾರನೆಯ ದಿನ ಸಂಗೀತ ಸಂಯೋಜಕರು, "ಐದೂವರೆನೇ ಅಲ್ವಾಮ್ಮಾ?" ಎಂದರು. ನನ್ನ ದನಿ ಚೆನ್ನಾಗಿ ನಿಲ್ಲುವುದು ಐದೂವರೆಯಲ್ಲೇ. ಇಳಿಸುವ ಮೊದಲು ಇನ್ನೊಂದೇ ಸಲ ನನ್ನ ಶ್ರುತಿಯಲ್ಲಿ ಪೂರ್ತಿ ಹಾಡಬೇಕೆಂಬ ಆಸೆ. "ಹೂಂ" ಅಂದುಬಿಟ್ಟೆ. ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ಎರಡು ದಿನ ಬಿಟ್ಟು ಅಕ್ಕ ಬಂದರು. ಅಷ್ಟರಲ್ಲಿ ಕೊಳಲಿನವರು ನುಡಿಸಿ ಹೋಗಿಯಾಗಿತ್ತು; ಇನ್ನು ಶ್ರುತಿ ಬದಲಿಸುವಂತಿರಲಿಲ್ಲ. ಮೇಲಿನ ಸ್ವರಕ್ಕೆ ಬಂದಾಗಲೆಲ್ಲ ಅಕ್ಕನ ದನಿ ಒಡೆಯಿತು. ನಾಲ್ಕು ಸಲ ಹಾಡಿ ನೋಡಿದರು. "ಇವಳದೇ ಇಟ್ಕೊಳ್ಳಿ ಸಾರ್, ಚೆನ್ನಾಗಿದೆ" ಎಂದು ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹಾಡು ನನ್ನ ಹೆಸರಿನಲ್ಲಿ ಬಂತು. ಬಳಿಕ ನಾನೊಬ್ಬಳೇ ಹಾಡಿದ ಮೂರು ಆಲ್ಬಮ್‌ಗಳೂ ಬಂದವು. ಹೂವಿನವಳ ಫೋನಿನಲ್ಲೂ ನನ್ನ ದನಿ ಇದೆ. ಪೂಜೆಗೆ ಕೂತರೆ ಮಾತ್ರ ನನಗೆ ಕೇಳುವುದು ಆ "ಹೂಂ".

ಕಳೆದ ಸೋಮವಾರ ಮೆಟ್ರೋ ಹತ್ತಿ ದೀಪಾಂಜಲಿ ನಗರದ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹೇಳೋಕೆ ಮರ್ತಿದೀಯ ಅಂದ್ಕೊಂಡಿದ್ದೆ. ಹಾಗೇ ಅಂದ್ಕೊಂಡಿದ್ರೆ ಚೆನ್ನಾಗಿತ್ತು."

ನನಗೆ ಅಳು ಬಂತು.

"ಆ ಕಡೆ ತಿರುಗಿ ಅಳೇ. ಕಾಳಿಗೆ ಉಪ್ಪು ನಾನೇ ಹಾಕ್ಕೋತೀನಿ." ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, "ಗುರುವಾರ ಮಂಡಳಿ ಭಜನೆಗೆ ನಾನು ಮತ್ತೆ ಬರ್ತೀನಿ. ಶ್ರುತಿ ನಾಲ್ಕೂವರೆ. ನೀನು ಹಿಂದೆ ಕೂತ್ಕೋ" ಎಂದರು.

ಹೋದೆ. ನಾಲ್ಕೂವರೆಯಲ್ಲಿ ಕೆಳಗಿನ ಸ್ವರಗಳಿಗೆ ನನ್ನ ದನಿ ಬರೀ ಉಸಿರಾಗುತ್ತದೆ. ಅಕ್ಕ ತುಂಬು ದನಿಯಲ್ಲಿ ಹಾಡಿದರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಆದರೆ ನಾನು ಹೋಗುವ ಮೊದಲೇ ಅವರ ಬೆನ್ನ ಹಿಂದೆ ನನಗೊಂದು ಚಾಪೆ ಹಾಸಿಟ್ಟಿದ್ದರು.