ಬಿಸಿ ಗಾಜಿನ ಮೇಲಿನ ಚೆಂಡುಹೂವಿನ ಬಣ್ಣ

ಚಾಮರಾಜನಗರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ ಮಾದಪ್ಪಣ್ಣನವರ ಕೈಗಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲವೆಂಬುದನ್ನು ಮೊದಲಿಗೆ ನಿವೇದಿಸಿಕೊಳ್ಳುತ್ತೇನೆ. ಖಾಲಿ ಬೀಕರ್ ಹಿಡಿದರೂ ಅಲುಗಾಡಿಸುತ್ತಿದ್ದರು. ಹಿಂದೆ ಅವರು ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ತೊಟ್ಟಿಯಲ್ಲಿ ನೂಲನ್ನು ತಿರುವುತ್ತಲೇ ಇರದಿದ್ದರೆ ಮಚ್ಚೆ ಬೀಳುತ್ತದೆಂಬ ಭಯ ಅವರ ಬೆರಳುಗಳನ್ನು ಬಿಟ್ಟಿರಲಿಲ್ಲ.

ಸದರಿ ಅವಧಿಯಲ್ಲಿ ನಾನು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ, ಬಣ್ಣವು ಬೆಳಕು ಹೀರಿ ವಿದ್ಯುತ್ ಕೊಡುವಂತಹ ಸೌರಕೋಶವನ್ನು ತಯಾರಿಸುತ್ತಿದ್ದೆ. ಗಾಜಿನ ಮೇಲೆ ನ್ಯಾನೋ ಕಣಗಳ ಬಿಳಿ ಲೇಪ ಬಳಿದು, ಕುಲುಮೆಯಲ್ಲಿ ಕಾಯಿಸಿ, ತಣ್ಣಗಾದ ಮೇಲೆ ಗುಂಡ್ಲುಪೇಟೆಯ ನಮ್ಮ ಹೊಲದ ಚೆಂಡುಹೂವಿನ ಬಣ್ಣದಲ್ಲಿ ನೆನೆಹಾಕುವುದು ಕ್ರಮ. ವಿದ್ಯುತ್ ಬಾರದಿದ್ದಲ್ಲಿ ನನ್ನ ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಬರುತ್ತಿದ್ದುದು ಮೀಟರಿನ ಸೂಜಿ ಅಲುಗಿದಷ್ಟು ಮಾತ್ರ. ಪರೀಕ್ಷಕರು ಬರಲು ನಾಲ್ಕು ದಿನ ಉಳಿದಿತ್ತು.

ಅಂದು ಬೆಳಿಗ್ಗೆ ಬಂದು ನೋಡಲಾಗಿ, ನೆನೆಹಾಕಿದ್ದ ಗಾಜುಗಳನ್ನು ಮಾದಪ್ಪಣ್ಣ ಚಿಮಟದಿಂದ ತಿರುವಿಹಾಕುತ್ತಿದ್ದರು. ಲೇಪವೆಲ್ಲ ಸಿಪ್ಪೆಯೆದ್ದು ತಳ ಸೇರಿತ್ತು.

"ಅಯ್ಯೋ ಅಣ್ಣಾ, ಏನ್ ಮಾಡ್ಬುಟ್ರಿ!"

"ಮಚ್ಚೆ ಬಿದ್ದಾತು ಅಂತ ತಿರುವ್ದೆ ಕಣಮ್ಮಿ. ಇದೇನವ್ವ, ಅಪ್ಪಳಕ್ಕಿಂತ ಕಡೆಯಾಗಿ ಅದೆ!"

ನಾನು ಅತ್ತುಬಿಟ್ಟೆ. ಅವರು ಹೊರಗೆ ಹೋಗಲಿಲ್ಲ. ಆ ಬಿಳಿ ಲೇಪ ಏನೆಂದು ಕೇಳಿದರು. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ, ಬಣ್ಣ ಅವುಗಳ ಒಳಗೆ ಅಂಟಿದಷ್ಟೂ ವಿದ್ಯುತ್ ಎಂದು ವಿವರಿಸಿದೆ.

"ಅಂಗಾದ್ರೆ ಯಾಕಮ್ಮಿ ತಣ್ಣಗ್ ಮಾಡಿ ಮುಳುಗ್ಸಿಯೆ? ತಣ್ಣಗಾದ್ರೆ ಗಾಳೀಲಿರೋ ತ್ಯಾವ ಮೊದ್ಲೇ ಒಳಗೋಗಿ ಕೂತ್ಕತದೆ. ಬಣ್ಣ ಎಲ್ಲಿಗೋಗಬೇಕು? ಇನ್ನೂ ಬಿಸಿ ಇರುವಾಗ್ಲೇ ಬುಡು."

ಬೇರೆ ದಾರಿಯಿಲ್ಲದ ಕಾರಣ ಹೊಸ ಗಾಜನ್ನು ಅವರು ಹೇಳಿದಂತೆ ಬಿಸಿಯಿರುವಾಗಲೇ ಅದ್ದಿದೆ. ಕೆಲಸದ ವೇಳೆ ಮುಗಿಯುವವರೆಗೂ ಅವರು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕುಳಿತರು. "ಇವುಕ್ಕೆ ಬುದ್ಧಿ ಇಲ್ಲ ಕಣಮ್ಮಿ, ಕಟ್ಟಾಕಂಡಿವ್ನಿ" ಎಂದರು. ಮರುದಿನ ಕೋಶವನ್ನು ಜೋಡಿಸಿ ಕಿಟಕಿಯ ಬಿಸಿಲಿಗೆ ಹಿಡಿದಾಗ ಸೂಜಿ ಹಿಂದೆಂದೂ ಏರದಷ್ಟು ಏರಿತು.

ಪರೀಕ್ಷಕರು ಮೆಚ್ಚಿ ಕೇಳಿದರು: "ಬಿಸಿಯಲ್ಲೇ ಅದ್ದಬೇಕೆಂದು ಯಾರು ಹೇಳಿಕೊಟ್ಟರು?"

"ಒಂದು ಪ್ರಬಂಧದಲ್ಲಿ ಓದಿದ್ದೆ ಸರ್" ಎಂದುಬಿಟ್ಟೆ. ಅಟೆಂಡರ್ ಹೇಳಿದರೆಂದರೆ ಅಂಕ ಕಡಿಮೆಯಾದೀತೆಂದು ಹೆದರಿದ್ದೆ. ಮಾದಪ್ಪಣ್ಣ ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಪರೀಕ್ಷಕರು ಹೊರಟ ಬಳಿಕ ಮಾದಪ್ಪಣ್ಣ ನಕ್ಕರು. "ಅಲ್ಲಾ ಕಣಮ್ಮಿ, ನಾನ್ ಯಾವಾಗ ಪ್ರಬಂಧ ಬರ್ದೆ?"

ನಾನು ಗಾಜುಗಳನ್ನು ಡಬ್ಬಿಗೆ ತುಂಬತೊಡಗಿದೆ. ಅದೇ ಕೊನೆಯ ಭೇಟಿಯಾಯಿತು. ಅಂಕಪಟ್ಟಿ ಕೈಸೇರಿದ ಮೇಲೆ ಕ್ಷಮೆ ಕೇಳಲು ಉಡಿಗಾಲದ ಅವರ ಮನೆಗೆ ಹೋದೆ. ಅಲ್ಲಿ ಅವರದೇ ಹನ್ನೊಂದನೇ ದಿನದ ಕಾರ್ಯ ನಡೆಯುತ್ತಿತ್ತು.

ಆದಕಾರಣ, ಪರೀಕ್ಷಕರಿಗೆ ಅಂದು ನೀಡಿದ ಉತ್ತರವನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ನಾನು ಎಲ್ಲಿಯೂ ಓದಿರಲಿಲ್ಲ. ಹೇಳಿಕೊಟ್ಟವರು ಮಾದಪ್ಪಣ್ಣ.