ಕೊಂಡಿ ಕೆಂಚವ್ವನ ಬಲ

ಇಳಕಲ್ಲಿನ ಶೈಲಾ ಹದಿನಾರು ವರ್ಷ ಸೀರೆಯ ದಡಿಗೆ ನಕ್ಷೆ ಬರೆದಳು. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಅವಳು ಬರೆದದ್ದನ್ನು ಮಗ್ಗದ ಮಾಲೀಕರು ‘ನಮ್ಮ ಡಿಸೈನ್’ ಎಂದು ಎದೆಯುಬ್ಬಿಸಿ ತೋರಿಸುತ್ತಿದ್ದರು. ಆ ಮಹನೀಯರಲ್ಲಿ ಒಬ್ಬನಿಗೂ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಎಲ್ಲಾದರೂ ಒಂದು ಕಡೆ ತನ್ನ ಹೆಸರು ಅಚ್ಚಾಗಬೇಕು ಎಂಬುದೊಂದೇ ಅವಳ ಹಂಬಲ.

೨೦೦೩ರಲ್ಲಿ ಆ ಯೋಗ ಬಂತು, ಯಮನಪ್ಪನ ರೂಪದಲ್ಲಿ. ಬಾಗಲಕೋಟೆಯ ನವನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು. ಒಮ್ಮೆ ವರನ ಜಾಗದಲ್ಲಿ ಮಾವನ ಹೆಸರು ಹಾಕಿ ಲಗ್ನವನ್ನೇ ನಿಲ್ಲಿಸುವುದರಲ್ಲಿದ್ದ ಪುಣ್ಯಾತ್ಮ. ಹುಡುಗರೆಲ್ಲ ಪರದೇಶದ ಪೈಲವಾನರ ಟ್ರಂಪ್ ಕಾರ್ಡು ಆಡುವುದನ್ನು ಕಂಡು, ನಮ್ಮ ಕಡೆಯ ಕಥೆಗಳ ಮಾಯಾವೀರರ ಕಾರ್ಡು ಮಾಡಬೇಕೆಂದು ಅವನಿಗೆ ಜ್ಞಾನೋದಯವಾಗಿತ್ತು. ಚಿತ್ರ, ಎರಡು ಸಾಲು ಕಥೆ, ಬಲಕ್ಕೆ ಇಷ್ಟು ತಾಳ್ಮೆಗೆ ಇಷ್ಟು ಎಂದು ನೂರಕ್ಕೆ ಅಂಕ, ಮೂಲೆಯಲ್ಲಿ ಬರೆದವರ ಹೆಸರು. ಒಂದು ಕಾರ್ಡು ಬರೆಯಲು ಶೈಲಾಳಿಗೂ ಹೇಳಿದ.

ಶೈಲಾ ಆರಿಸಿಕೊಂಡದ್ದು ಕೊಂಡಿ ಕೆಂಚವ್ವನನ್ನು. ಅವ್ವ ದುರ್ಗವ್ವ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತ ಹೇಳುತ್ತಿದ್ದ ಕಥೆಯವಳು. ದಂಡು ಬಂದು ಹೊಳೆದಂಡೆಯಲ್ಲಿ ಬೀಡುಬಿಟ್ಟಾಗ, ಮಲಗಿದ್ದ ಸಾವಿರ ಸಿಪಾಯಿಗಳ ಕಾಲಿಗೆ ಕಾಲು ರೇಷ್ಮೆ ಎಳೆಯಿಂದ ಕೊಂಡಿ ಹಾಕಿ ಬಂದ ಮುದುಕಿ. ಕಹಳೆ ಊದಿದಾಗ ಇಡೀ ದಂಡು ಮುಗ್ಗರಿಸಿ ಬಿತ್ತು. ಕೆಂಚವ್ವ ಜನ್ಮದಲ್ಲಿ ಕತ್ತಿ ಮುಟ್ಟಿದವಳಲ್ಲ. ದುರ್ಗವ್ವನಂತೂ ಕೊಂಡಿಗೆ ಕೂತರೆ ಕತ್ತರಿಯನ್ನೂ ಖೋಲಿಯ ಹೊರಗಿಡುತ್ತಿದ್ದಳು.

ಶೈಲಾ ಬಾಗಿದ ಬೆನ್ನು ಬರೆದಳು, ಎಳೆ ಜಾರದಂತೆ ಬೂದಿ ಹಚ್ಚಿದ ಬೆರಳು ಬರೆದಳು. ಬಲ ಮೂರು, ತಾಳ್ಮೆ ನೂರು ಎಂದು ಹಾಕಿ ಒಯ್ದು ಕೊಟ್ಟಳು.

“ಏನ್ರಿ ಅಕ್ಕಾರ, ದವಾಖಾನಿಗೆ ಹೊಂಟ ಮುದುಕಿನ್ನ ಬರದೀರಿ?” ಎಂದ ಯಮನಪ್ಪ. “ಬಲ ಮೂರಂತ! ವಯಸ್ಸು ಇಳಸ್ರಿ, ಕೈಯಾಗ ಕತ್ತಿ ಕೊಡ್ರಿ, ಬಲ ತೊಂಬತ್ತೆಂಟು ಮಾಡ್ರಿ.”

“ಆಕಿ ಕಡಿಯಾಕಿ ಅಲ್ರಿ, ಕೂಡಸಾಕಿ. ಕತಿ ಓದ್ರಿ.”

“ಕತಿ ಯಾರ ಓದ್ತಾರ್ರಿ? ನಿಮಗ ಆಗೂದಿಲ್ಲಂದ್ರ ಬ್ಯಾರೆದವ್ರು ಬರೀತಾರ. ಹೆಸರೂ ಅವರದ ಬೀಳ್ತದ.”

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಶೈಲಾ ಬಸ್ಸಿನಲ್ಲಿ ಹುನಗುಂದ ದಾಟುವತನಕ ಬೈದಳು. ಬೈಗುಳಕ್ಕೆ ಬರವಿರಲಿಲ್ಲ, ಧೈರ್ಯಕ್ಕೆ ಇತ್ತು. ಮನೆಗೆ ಬಂದವಳೇ ಮುದುಕಿಯ ಬೆನ್ನು ನೆಟ್ಟಗೆ ಮಾಡಿದಳು, ಸುಕ್ಕು ಅಳಿಸಿದಳು, ಆ ಬೆರಳುಗಳನ್ನು ಮಡಿಸಿ ಕತ್ತಿ ತುರುಕಿದಳು. ಕತ್ತಿಯ ಹಿಡಿಗೆ ಚಿಕ್ಕಿಪರಾಸ ದಡಿಯ ನಕ್ಷೆ ಹಾಕಿ ಸಮಾಧಾನ ಬೇರೆ ಪಟ್ಟುಕೊಂಡಳು. ಮಾಲೀಕರನ್ನು ಹದಿನಾರು ವರ್ಷ ಹಳಿದ ಬಾಯಿಗೆ ಅಂದು ಬೀಗ ಬಿದ್ದಿತ್ತು.

ಕಾರ್ಡು ಅಚ್ಚಾಗಿ ಬಂತು. ಮೂಲೆಯಲ್ಲಿ ‘ಚಿತ್ರ: ಶೈಲಾ, ಇಳಕಲ್’. ಅಕ್ಷರ ಬಾರದ ದುರ್ಗವ್ವ ಕೈಯೊಳಗಿನ ಎಳೆ ಬಿಟ್ಟು ಕಾರ್ಡನ್ನು ಬೆಳಕಿಗೆ ಹಿಡಿದಳು.

“ಚಂದ ಅದಾಳ. ಯಾರವ್ವ ಇಕಿ?”

ಓದಲು ಬಾರದವಳ ಮುಂದೆಯೂ ಶೈಲಾ ತನ್ನ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿದಳು. “ಯಾರೋ ಏನೋ ಬೇ, ನಂಗೊತ್ತಿಲ್ಲ.”

“ನಮ್ಮ ಕೆಂಚವ್ವನ್ನ ಬರೀತೇನಿ ಅಂದಿದ್ದಿ ಅಲ್ಲ?”

“ಆಕಿ ಬ್ಯಾಡಂತ.”

“ಯಾರಿಗೆ?” ಎಂದಳು ದುರ್ಗವ್ವ.

ಯಮನಪ್ಪನ ಹೆಸರು ಹೇಳದೆ ಶೈಲಾ ತನ್ನ ಹೆಸರಿನ ಮೇಲಿನ ಹೆಬ್ಬೆರಳನ್ನು ಇನ್ನಷ್ಟು ಒತ್ತಿದಳು.